ಲಗ್ನಪತ್ರಿಕೆ ಹಂಚುತ್ತ ವಿಮೆ ಕಾಗದ ಓದಿದ್ದು

ಮಗಳ ಮದುವೆ ಗೊತ್ತಾದ ಮೇಲೆ ನಮ್ಮ ಕಡೆ ಮೊದಲು ಶುರುವಾಗೋದು ಲಗ್ನಪತ್ರಿಕೆ ಹಂಚುವ ಓಡಾಟ. ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕು ಅಂತ ಈಗಿನ ಹುಡುಗರು ಅಂತಾರೆ. ಆದರೆ ಮನೆಗೆ ಬಂದು ಕುಂಕುಮ ಹಚ್ಚಿ, ಕೈಯಾಗ ಪತ್ರಿಕೆ ಕೊಟ್ಟು ಕರೆಯದಿದ್ದರೆ ನಮ್ಮ ಬಳಗದ ಅರ್ಧ ಮಂದಿ ಮದುವೆಗೆ ಬರೋದೇ ಇಲ್ಲ.

ಸಂಕ್ರಾಂತಿ ಮುಗಿದ ವಾರ ಮಗ ರಜೆ ಹಾಕಿ ಬೆಂಗಳೂರಿನಿಂದ ತನ್ನ ಕಾರಿನಲ್ಲೇ ಬಂದ. ಮನೆಯವರಿಗೆ ದೂರದ ಪ್ರಯಾಣ ಆಗೋದಿಲ್ಲ. ಹೀಗಾಗಿ ನಾನು, ಅವನು ಇಬ್ಬರೇ ವಿಜಯಪುರದಿಂದ ಹೊರಟೆವು. ಎರಡು ದಿನ, ನಾಲ್ಕು ಊರು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ.

ಊರು ದಾಟುವುದರೊಳಗೆ ಅವನು ಮಾತು ತೆಗೆದ. "ಅವ್ವಾ, ಮುಂದಿನ ತಿಂಗಳ ಕೊಯಮತ್ತೂರಿಗೆ ಹೊಂಟೀನಿ. ರೇಸ್ ಟ್ರ್ಯಾಕಿನ್ಯಾಗ ನನ್ನ ಕಾರ್ ಓಡಸ್ತೀನಿ."

ನನ್ನ ಎದೆ ಧಸಕ್ಕೆಂದಿತು. ಮುಂದಿನ ತಿಂಗಳು ಅಂದರೆ ಮದುವೆಗೆ ಹದಿನೈದು ದಿನ ಮೊದಲು. ಅವನು ಸಮಾಧಾನದಿಂದ ತಿಳಿಸಿ ಹೇಳಿದ. ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಅಂತ ಇದೆಯಂತೆ, ಸುಮಾರು 2.1 ಕಿ.ಮೀ. ಸುತ್ತಿನ ದಾರಿ. ರೇಸ್ ಕಾರು ಕಟ್ಟುತ್ತಿದ್ದ ಕರಿವರ್ಧನ್ ಅವರ ಹೆಸರು ಅದಕ್ಕೆ. 'ಟ್ರ್ಯಾಕ್ ಡೇ' ಅಂದರೆ ಪಂದ್ಯ ಅಲ್ಲ, ಬಹುಮಾನ ಇಲ್ಲ. ಹಣ ಕಟ್ಟಿ, ಹೆಲ್ಮೆಟ್ ಹಾಕಿ, ಸ್ವಂತ ಕಾರನ್ನು ಮನಸ್ಸು ತೃಪ್ತಿಯಾಗುವಷ್ಟು ಜೋರಾಗಿ ಓಡಿಸುವುದು. "ಅಲ್ಲಿ ಎದುರಿಗೆ ಲಾರಿ ಬರೂದಿಲ್ಲ, ದನ ಅಡ್ಡ ಬರೂದಿಲ್ಲ, ಆಂಬುಲೆನ್ಸ್ ನಿಂತಿರ್ತೈತಿ. ರಸ್ತೆ ಮ್ಯಾಲ ಹುಚ್ಚಾಟ ಮಾಡೂದಕ್ಕಿಂತ ಇದ ಪಾಡ ಅಲ್ಲೇನು?"

ಮಾತು ಸುಳ್ಳಲ್ಲ. ಆದರೂ ಕೇಳಿದೆ, "ಕಾರಿಗೆ ಏನರ ಆದ್ರ?"

"ವಿಮಾ ಐತಲ್ಲ. ಬಂಪರ್ ಟು ಬಂಪರ್. ಅದರ ಮ್ಯಾಲ ಆ ಒಂದ ದಿನಕ್ಕ ಬ್ಯಾರೆ ತಗೋಬೇಕೋ ಬ್ಯಾಡೋ, ಅದೊಂದ ವಿಚಾರ ಮಾಡಾಕತ್ತೀನಿ."

ಆ ಪ್ರಶ್ನೆ ನಾಲ್ಕೂ ಊರಿಗೆ ನಮ್ಮ ಸಂಗಡ ಬಂತು.

ಇಂಡಿ ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಲಿಂಬೆ ತೋಟ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇದೇ ಊರಲ್ಲಿ. ನನ್ನ ಅಣ್ಣನದು ಲಿಂಬೆಯ ಜೊತೆ ಎರಡು ಎಕರೆ ದ್ರಾಕ್ಷಿ. ಪತ್ರಿಕೆ ಕೊಟ್ಟು, ಸೀತನಿ ತಿನ್ನುತ್ತ ತೋಟದಲ್ಲಿ ಕೂತಾಗ ಮಗ ವಿಮೆಯ ಮಾತೆತ್ತಿದ. ಅಣ್ಣ ನಕ್ಕ.

"ವಿಮಾ ಅಂದ್ರ ನನ್ನ ಕೇಳಪ್ಪ ಅಳಿಯಾ. ದ್ರಾಕ್ಷಿಗೆ ಹವಾಮಾನದ ವಿಮಾ ಕಟ್ತೀನಿ. ವಿಮಾ ಮೊತ್ತದಾಗ ನೂರಕ್ಕ ಐದು ನಾವು ಕೊಡಬೇಕು, ಉಳಿದದ್ದು ಸರಕಾರದ್ದು. ಆದ್ರ ನನ್ನ ತೋಟಕ್ಕ ಯಾರೂ ಬಂದು ಗೊಂಚಲಾ ಎಷ್ಟು ಉದುರ್‍ಯಾವು ಅಂತ ಎಣಸೂದಿಲ್ಲ. ಹವಾಮಾನ ಕೇಂದ್ರದಾಗ ಮಳಿ, ಬಿಸಲು ಎಷ್ಟು ದಾಖಲ್ ಆಗೇತಿ, ಅದರ ಮ್ಯಾಲ ಲೆಕ್ಕ. ಒಂದ ವರ್ಷ ನನ್ನ ಬೆಳಿ ಹೋತು, ಅಲ್ಲಿ ಮಳಿ ಬರಲಿಲ್ಲ, ರೊಕ್ಕಾನೂ ಬರಲಿಲ್ಲ. ವಿಮಾದವರು ನಿನ್ನ ನಷ್ಟಕ್ಕ ಕೊಡೂದಿಲ್ಲ, ಕಾಗದದಾಗ ಬರದದ್ದಕ್ಕ ಕೊಡ್ತಾರ."

ಕಾರು ಹತ್ತಿದ ಮೇಲೆ ಮಗ ಬಹಳ ಹೊತ್ತು ಮಾತಾಡಲಿಲ್ಲ. ಸಿಂದಗಿ ದಾರಿಯಲ್ಲಿ ಎರಿಹೊಲದ ತುಂಬ ಬಿಳಿಜೋಳ, ನಡುನಡುವೆ ತೊಗರಿ ಬಡಿಯುವ ಧೂಳು.

ಸಿಂದಗಿಯಲ್ಲಿ ನನ್ನ ಮೈದುನನ ಮನೆ. ರಾತ್ರಿ ಅಲ್ಲೇ ವಸ್ತಿ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಊಟಕ್ಕೆ ಕೂತಾಗ ಮೈದುನ ತನ್ನ ಕತೆ ಹೇಳಿದ. ನಮ್ಮ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ನಿಮಗೂ ಗೊತ್ತಿರಬಹುದು. ಎರಡು ಟ್ರ್ಯಾಕ್ಟರ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ಸರಪಳಿ ಕಟ್ಟಿ ಜಗ್ಗಾಡುವುದು. ಎರಡು ವರ್ಷದ ಹಿಂದೆ ಇವನೂ ಗೆಳೆಯರ ಮಾತಿಗೆ ಉಬ್ಬಿ ತನ್ನ ಟ್ರ್ಯಾಕ್ಟರ್ ಒಯ್ದ. ಮುಂದಿನ ಗಾಲಿ ಎದ್ದು, ಗಾಡಿ ಅಡ್ಡಬಿದ್ದು ಒಡೆಯಿತು. ದೇವರ ದಯೆ, ಇವನು ಜಿಗಿದು ಉಳಿದ.

"ವಿಮಾ ಚಾಲ್ತಿ ಇತ್ತು ವೈನಿ. ಹೊಲದಾಗ ಬಿತ್ತು ಅಂತ ಅರ್ಜಿ ಬರದೆ. ಪರಿಶೀಲನೆಗೆ ಬಂದಾವ ಏನೂ ಕೇಳಲಿಲ್ಲ, ತನ್ನ ಫೋನ್ ತಗದು ಒಂದ ವಿಡಿಯೋ ತೋರಿಸಿದ. ನಾನ ನನ್ನ ಸ್ಟೇಟಸ್‌ಗೆ ಹಾಕಿದ್ದು!" ಎಲ್ಲರೂ ನಕ್ಕೆವು. ನನ್ನ ಓರಗಿತ್ತಿ ಮಾತ್ರ ನಗಲಿಲ್ಲ. "ನಗರಿ. ನನ್ನ ಬಂಗಾರದ ಬಳಿ ಇನ್ನೂ ಒತ್ತಿ ಅದಾವು" ಅಂದಳು.

ಊಟದ ತಾಟಿನ ಮುಂದೆ ಎಲ್ಲರೂ ಸುಮ್ಮನಾದೆವು. ಮಗ ತಲೆ ಎತ್ತಲಿಲ್ಲ. ಅವನ ಕಾರಿನ ಮೇಲೆ ಇನ್ನೂ ಐದು ಲಕ್ಷ ಸಾಲ ಇದೆ ಅನ್ನುವುದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ತಾಳಿಕೋಟೆ ಹಾದು ಮುದ್ದೇಬಿಹಾಳಕ್ಕೆ ಹೊರಟೆವು. ಡೋಣಿ ನದಿಯ ಸೀಮೆ ಅದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ಗಾದೆ ಇಲ್ಲಿಯದೇ. ತಾಳಿಕೋಟೆ ಅಂದಕೂಡಲೇ 1565ರ ಯುದ್ಧ ನೆನಪಾಗುತ್ತದೆ. ನಾನು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಅದನ್ನೇ ಪಾಠ ಮಾಡಿದವಳು. ಅವತ್ತು ಮಾತ್ರ ತಲೆಯಲ್ಲಿ ವಿಮೆ ಬಿಟ್ಟು ಬೇರೇನೂ ಇರಲಿಲ್ಲ.

ಮುದ್ದೇಬಿಹಾಳದಲ್ಲಿ ನನ್ನ ಅಕ್ಕನ ಗಂಡ ಮೂವತ್ತು ವರ್ಷ ವಿಮಾ ಏಜೆಂಟರಾಗಿ ದುಡಿದವರು. ಚಹಾ ಬರುವುದರೊಳಗೆ ಮಗನ ಫೋನಿನಲ್ಲಿದ್ದ ಪಾಲಿಸಿ ತೆಗೆಸಿ, ಕನ್ನಡಕ ಏರಿಸಿ ಓದತೊಡಗಿದರು. ಒಂದು ಕಡೆ ಬೆರಳಿಟ್ಟರು. ವಾಹನವನ್ನು ಯಾವುದಕ್ಕೆಲ್ಲ ಬಳಸಬಾರದು ಅನ್ನುವ ಪಟ್ಟಿ: ಬಾಡಿಗೆಗೆ, ಸಂಘಟಿತ ರೇಸಿಗೆ, ವೇಗ ಪರೀಕ್ಷೆಗೆ, ರಿಲಾಯಬಿಲಿಟಿ ಟ್ರಯಲ್‌ಗೆ.

"ದೊಡ್ಡಪ್ಪಾ, ಇದು ರೇಸ್ ಅಲ್ರೀ" ಅಂದ ಮಗ.

"ರೇಸ್ ಅಲ್ಲಂತ ನೀ ಅಂತಿ. ವೇಗ ಪರೀಕ್ಷಾ ಅಂತ ಅವರು ಅಂತಾರ. ಕಾರ್ ಗ್ವಾಡಿಗೆ ಬಡದ ಮ್ಯಾಲ ಕೋರ್ಟಿನ್ಯಾಗ ಈ ವಾದ ಮಾಡಾವ ಯಾರು? ಬಂಪರ್ ಟು ಬಂಪರ್ ಅಂದ್ರ ಹಳೇ ಸಾಮಾನಿಗೆ ಸವಕಳಿ ಕಡಿಯೂದಿಲ್ಲ ಅಂತಷ್ಟ. ಬ್ಯಾಡ ಅಂತ ಬರದದ್ದನ್ನ ಹೌದು ಅನಸೂದಿಲ್ಲ ಅದು."

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 150ನೇ ಕಲಮಿನ ಪ್ರಕಾರ ಮೂರನೆಯವರಿಗಾದ ಹಾನಿಯಲ್ಲೂ ಕಂಪನಿ ಈ ರೇಸಿನ ಶರತ್ತು ಮುಂದೆ ಮಾಡಿ ತಕರಾರು ಹೂಡಬಹುದು. ರ್‍ಯಾಲಿಗೆ ಹೋಗುವವರು ಹೆಚ್ಚಿನ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಹಿಂಬರಹ ಬರೆಸಿಕೊಳ್ಳುವ ದಾರಿ ಉಂಟು, ಆದರೆ ಅದನ್ನು ಮೊದಲೇ ಕೇಳಿ ಬರಹದಲ್ಲಿ ಪಡೆಯಬೇಕು. ಬ್ರಿಟನ್ನಿನಂಥ ದೇಶಗಳಲ್ಲಿ ಟ್ರ್ಯಾಕಿನ ಒಂದು ದಿನಕ್ಕೆಂದೇ ವಿಮೆ ಮಾರುತ್ತಾರೆ. ಅಲ್ಲಿಯೂ ನಷ್ಟದಲ್ಲಿ ಮೊದಲ ದೊಡ್ಡ ಪಾಲು ನಮ್ಮದೇ, ಪಕ್ಕದವನ ಕಾರಿಗೆ ತಗುಲಿದ ಪೆಟ್ಟು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

"ಕಾರಿನ ಮಾತು ಬಿಡ್ರಿ. ಹುಡುಗಗ ಏನರ ಆದ್ರ?" ನಾನು ತಡೆಯಲಾರದೆ ಕೇಳಿದೆ.

ಅವರು ನನ್ನ ಕಡೆ ತಿರುಗಿದರು. "ಈಗ ಖರೇ ಪ್ರಶ್ನೆ ಕೇಳಿದಿ ನೋಡು." ಆರೋಗ್ಯ ವಿಮೆಗೆ ನಿಯಂತ್ರಣ ಪ್ರಾಧಿಕಾರ ಒಂದೇ ಮಾದರಿಯ ಹೊರಗಿಡುವ ಶರತ್ತುಗಳನ್ನು ಮಾಡಿದೆ. ಅದರಲ್ಲಿ ಮೋಟಾರ್ ರೇಸಿನ ಹೆಸರೂ ಇದೆ, ಆದರೆ ವೃತ್ತಿಪರನಾಗಿ ಭಾಗವಹಿಸಿದರೆ ಮಾತ್ರ. ಹವ್ಯಾಸಕ್ಕೆ ಹೋದವನಿಗೆ ಆ ಶರತ್ತು ತಾಗಬಾರದು. ಆದರೂ ಕಂಪನಿ ಕೊಟ್ಟ ಗುಂಪು ವಿಮೆಯಲ್ಲಿ ಏನು ಬರೆದಿದೆ ನೋಡಬೇಕು. ಅಪಘಾತ ವಿಮೆಯಲ್ಲಂತೂ ಒಂದೊಂದು ಕಂಪನಿಯದು ಒಂದೊಂದು ಮಾತು. "ಫೋನಿನ್ಯಾಗ ಕೇಳಬ್ಯಾಡ. ಮೇಲ್ ಬರಿ, ಉತ್ತರಾ ಬರಹದಾಗ ತಗೊ. ಟ್ರ್ಯಾಕಿನವರು ಸಹಿ ಮಾಡಸೂ ಮುಚ್ಚಳಿಕಿನೂ ಪೂರಾ ಓದು. ಏನಾದ್ರೂ ನಮ್ಮ ಜವಾಬ್ದಾರಿ ಅಲ್ಲ ಅಂತ ಅದರಾಗ ಇರ್ತೈತಿ."

ಮಧ್ಯಾಹ್ನ ಬಸವನ ಬಾಗೇವಾಡಿ ತಲುಪಿದೆವು. ಬಸವಣ್ಣನವರು ಹುಟ್ಟಿದ ಊರು. ಗುಡಿಗೆ ಹೋಗಿ ಮೊದಲ ಪತ್ರಿಕೆ ದೇವರ ಮುಂದಿಟ್ಟು, ನನ್ನ ಸೋದರತ್ತೆಯ ಮನೆಗೆ ನಡೆದೆವು. ಎಂಬತ್ತು ದಾಟಿದ ಜೀವ. ನಮ್ಮ ಮಾವ ಬದುಕಿದ್ದಾಗ ತೆರಬಂಡಿಗೆ ಎತ್ತು ಕಟ್ಟುತ್ತಿದ್ದರು, ಭಾರದ ಬಂಡಿ ಜಗ್ಗಿಸುವ ಪಂದ್ಯ ಅದು. ಗೋಡೆಯ ಮೇಲೆ ಕೊಂಬಿಗೆ ಬಣ್ಣ ಬಳಿದ ಎತ್ತಿನ ಜೋಡಿಯ ಪಟ ಇನ್ನೂ ಇದೆ. ಮಗ ಅದನ್ನೇ ನೋಡುತ್ತ ಕೇಳಿದ, "ಆಯಿ, ಪಂದ್ಯದಾಗ ಎತ್ತಿಗೆ ಏನರ ಆದ್ರ ಮುಂದ ಹೊಲ ಹೆಂಗ ಮಾಡ್ತಿದ್ದ್ರಿ?"

ಅತ್ತೆಗೆ ಆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಉಳೂ ಎತ್ತು ಪಂದ್ಯಕ್ಕ ಯಾರ್ ಕಟ್ತಾರೋ ಎಪ್ಪಾ? ಉಳೂ ಎತ್ತು ಬ್ಯಾರೆ, ಪಂದ್ಯದ ಎತ್ತು ಬ್ಯಾರೆ. ಪಂದ್ಯದ ಎತ್ತು ಕುಂಟಾದ್ರ ನಿಮ್ಮ ಅಜ್ಜ ಎರಡ ದಿನ ಉಣ್ತಿದ್ದಿಲ್ಲ, ಅಷ್ಟ. ಉಳೂ ಎತ್ತು ಕುಂಟಾದ್ರ ಮನಿ ಮಂದೆಲ್ಲಾ ಉಪಾಸ."

ವಾಪಸು ವಿಜಯಪುರಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರು. ಅರ್ಧ ದಾರಿಯಲ್ಲಿ ಮಗ ತಾನಾಗಿಯೇ ಲೆಕ್ಕ ಒಪ್ಪಿಸಿದ. ಕಾರು ಒಯ್ಯುವುದಿಲ್ಲ. ಆ ಕಾರು ಹೋದರೆ ಐದು ಲಕ್ಷದ ಸಾಲ ಉಳಿಯುತ್ತದೆ, ತಂಗಿಯ ಮದುವೆಯ ಮುಂದೆ ಆ ಭಾರ ಹೊರುವ ಶಕ್ತಿ ತನಗಿಲ್ಲ. ಟ್ರ್ಯಾಕಿನಲ್ಲೇ ಕಲಿಸುವ ಶಾಲೆಯವರು ತಮ್ಮದೇ ಕಾರು ಕೊಡುತ್ತಾರೆ. ಶುಲ್ಕ ಹೆಚ್ಚು, ಆದರೆ ಒಡೆದರೆ ಎಷ್ಟು ಕೊಡಬೇಕು ಅನ್ನುವುದು ಮೊದಲೇ ಬರೆದಿರುತ್ತದೆ. ಅದೂ ಮದುವೆ ಆದ ಮೇಲೆ.

"ಮತ್ತ ವಿಮಾ?" ಅಂದೆ.

"ಕಾರಿಂದು ಬ್ಯಾಡವ್ವಾ. ನನ್ನದು ತಗೋತೀನಿ."

ಅವತ್ತು ರಾತ್ರಿಯೇ ಆಫೀಸಿಗೂ ವಿಮಾ ಕಂಪನಿಗೂ ಮೇಲ್ ಬರೆದ. ಒಂಬತ್ತು ದಿನಕ್ಕೆ ಉತ್ತರ ಬಂತು: ಹವ್ಯಾಸಕ್ಕೆ ಹೋಗಿ ಗಾಯವಾದರೆ ಆಸ್ಪತ್ರೆ ಖರ್ಚು ಕೊಡುತ್ತೇವೆ, ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳಕ್ಕೆ ಇದರಲ್ಲಿ ಪರಿಹಾರವಿಲ್ಲ. ಆ ಎರಡನೆಯದಕ್ಕೆ ಅವನು ಬೇರೆ ಅಪಘಾತ ಪಾಲಿಸಿ ಹುಡುಕಿ, ಶರತ್ತು ಓದಿ, ಕೇಳಿ, ತೆಗೆದುಕೊಂಡ.

ಮದುವೆ ಚೆನ್ನಾಗಿ ಆಯಿತು. ನಾಲ್ಕೂ ಊರಿನವರು ಬಂದಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸಿದ್ದು ಅದೇ ಕಾರಿನಲ್ಲಿ. ಮುಂದಿನ ತಿಂಗಳು ಕೊಯಮತ್ತೂರಿನಿಂದ ಹೆಲ್ಮೆಟ್ ಹಾಕಿದ ಫೋಟೋ ಬಂತು, ಮುಖ ಕಾಣಲಿಲ್ಲ, ಕಣ್ಣು ಮಾತ್ರ ನಗುತ್ತಿದ್ದವು. ಆ ಫೋಟೋ ನೋಡುವಾಗ ಅವನ ಕಾರು ನಮ್ಮ ಮನೆಯ ಮುಂದಿನ ಬೇವಿನ ನೆರಳಲ್ಲಿ ನಿಂತಿತ್ತು. ಬಾನೆಟ್ಟಿನ ಮೇಲೆ ಹೂವಿನ ಹಾರ ಅಂಟಿಸಿದ್ದ ಟೇಪಿನ ಕಲೆ ಇನ್ನೂ ಹೋಗಿರಲಿಲ್ಲ.