ಹದಿನೈದು ಪುಸ್ತಕ, ಒಂದೇ ಕಟ್ಟು

ಈಗಷ್ಟೇ ಪೋಸ್ಟ್ ಬಂತು. ಮೈಸೂರಿನ ಪುಟ್ಟ ಪ್ರಕಾಶನವೊಂದು ಕಳಿಸಿದ ಕವನ ಸಂಕಲನ. ಕಂದು ಕಾಗದ, ಮೂಲೆಗೆಲ್ಲ ಅಗಲದ ಟೇಪು, ಪ್ರಕಾಶಕರೇ ಕೈಯಾರೆ ಬರೆದ ವಿಳಾಸ: ಕೊಪ್ಪ, ಪಿರಿಯಾಪಟ್ಟಣ ತಾಲ್ಲೂಕು. ಇಂಥವರಿಗೆ ಗೋದಾಮು ಅಂದ್ರೆ ಮನೆಯ ಒಂದು ಕೋಣೆ. ಆರ್ಡರ್ ಬರೆದುಕೊಳ್ಳೋದು, ಕಟ್ಟೋದು, ಅಂಚೆಗೆ ಹಾಕೋದು, ಉಳಿದ ಪ್ರತಿ ಎಣಿಸೋದು, ಎಲ್ಲಾ ಒಬ್ಬರೇ.

2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ರಿಯಾಯಿತಿ ದರದ ಸೇವೆ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಗೆ ದೊಡ್ಡ ಪೆಟ್ಟು ಬಿತ್ತು. ಆಮೇಲೆ 2025ರ ಮೇ 1ರಿಂದ ಪುಸ್ತಕ ಕಳಿಸೋಕೆ ಜ್ಞಾನ್ ಪೋಸ್ಟ್ ಅನ್ನೋ ಅಂಚೆ ಸೇವೆ ಶುರುವಾಯ್ತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ.

ಈ ದರ ನೋಡ್ತಾ ಹೊಳೆದ ಮಾತು ಇದು. 280 ಗ್ರಾಂ ತೂಗುವ ಹದಿನೈದು ಪುಸ್ತಕ ಹದಿನೈದು ಮನೆಗೆ ಹೋದರೆ ಅಂಚೆಗೇ 300 ರೂಪಾಯಿ. ಒಂದೇ ಕಟ್ಟಾಗಿ ಒಂದೇ ವಿಳಾಸಕ್ಕೆ ಹೋದರೆ 100. ಹದಿನೈದು ಸಲ ಕಟ್ಟೋ ಶ್ರಮವೂ ತಪ್ಪುತ್ತೆ. ಹೊಸ ಪುಸ್ತಕಕ್ಕೆ ನಾವು ಮೊದಲೇ ಹೇಳಿಟ್ಟರೆ ಎಷ್ಟು ಪ್ರತಿ ಅಚ್ಚು ಹಾಕಿಸಬೇಕು ಅನ್ನೋ ಅಂದಾಜೂ ಅವರಿಗೆ ಸಿಗುತ್ತೆ. ಮಾರಾಟವಾಗದ ಪ್ರತಿಗಳಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಅವರ ಮುಂದಿನ ಪುಸ್ತಕವೇ ಬರಲ್ಲ.

ಕೊಪ್ಪ, ಬೈಲಕುಪ್ಪೆ, ಪಿರಿಯಾಪಟ್ಟಣ, ಕಾವೇರಿ ಸೇತುವೆ ಆಚೆ ಕುಶಾಲನಗರದ ಗೆಳೆಯರೇ, ತಿಂಗಳಿಗೊಮ್ಮೆ ಪಟ್ಟಿ ಮಾಡಿ ಒಟ್ಟಿಗೆ ತರಿಸೋಣವಾ? ಬಂದ ಕಟ್ಟು ನಮ್ಮನೇಲಿ ಇಟ್ಟಿರ್ತೀನಿ. ನಿಮಗೆ ಬೇಕಾದ ಪುಸ್ತಕದ ಹೆಸರು ಕೆಳಗೆ ಬರೀರಿ.