ಟೈರಿನ ಮೇಲಿನ ಸೀಮೆಸುಣ್ಣದ ಗೆರೆ

2025ರ ಆಷಾಢದಲ್ಲಿ ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಶರ್ಟಿನ ಜೇಬಿನಲ್ಲಿದ್ದ ಸೀಮೆಸುಣ್ಣದ ತುಂಡು ಹಿಡಿದು ಹೊರಗೆ ಹೋದೆ. ಬೈಕು ಸೈಡ್ ಸ್ಟ್ಯಾಂಡಿನಲ್ಲಿ ನಿಂತಿತ್ತು. ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಟೈರಿನ ಪಕ್ಕದಿಂದ ನೆಲದ ಕಲ್ಲಿನವರೆಗೆ ಒಂದು ಗೆರೆ ಎಳೆದೆ. ಗಾಡಿ ಗೇಣುದ್ದ ಅಲುಗಿದರೂ ಬೆಳಿಗ್ಗೆ ಗೆರೆ ಹೊಂದುವುದಿಲ್ಲ ಎಂಬುದು ನನ್ನ ಲೆಕ್ಕ. ಮೀಟರಿನ ಅಂಕಿ ನೋಡಿಟ್ಟುಕೊಂಡಿದ್ದರೆ ಸಾಕಾಗುತ್ತಿರಲಿಲ್ಲವೇ? ಸಾಲದು ಅನ್ನಿಸಿತ್ತು. ಮೀಟರ್ ಕೇಬಲ್ ಬಿಚ್ಚಿಟ್ಟು ಓಡಿಸಿದರೆ ಅಂಕಿ ಏರುವುದಿಲ್ಲ ಎಂಬಷ್ಟು ದೂರ ನನ್ನ ಯೋಚನೆ ಹೋಗಿತ್ತು. ಒಳಗೆ ಮಲಗಿದ್ದ ಅಣ್ಣನ ಮಗನನ್ನು ಹಿಡಿಯಲು ಎಳೆದ ಗೆರೆ ಅದು.

ಅವನು ನಮ್ಮ ಮನೆಯಲ್ಲಿದ್ದುಕೊಂಡು ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಾನೆ. ನಮ್ಮ ಮನೆ ಪೇಟೆಯಿಂದ ನಾಲ್ಕು ಕಿಲೋಮೀಟರ್ ಆಚೆ, ತೋಟದ ಕಡೆ. ಸಂಜೆ ನಾನು ಶಾಲೆಯಿಂದ ಬಂದ ಮೇಲೆ ಬೈಕು ತೆಗೆದುಕೊಂಡು ಪೇಟೆಗೆ ಹೋಗಿ ಬರುವುದು, ಹಾಲು ತರಕಾರಿ ತರುವುದು, ಅವನಿಗೆ ನಾನೇ ಕೊಟ್ಟಿದ್ದ ಸಲುಗೆ. ನಾನು ಗಣಿತದ ಮೇಷ್ಟ್ರು. ಅರಸೀಕೆರೆ ರಸ್ತೆಯಲ್ಲಿ ಹದಿನೇಳು ಕಿಲೋಮೀಟರ್ ಹೋದರೆ ನನ್ನ ಶಾಲೆ. ಗಾಡಿ 2003ರ ಸ್ಪ್ಲೆಂಡರ್, ಕೆಲಸಕ್ಕೆ ಸೇರಿದ ವರ್ಷ ಕೊಂಡದ್ದು. 97.2 ಸಿಸಿ ಎಂಜಿನ್, ನಾಲ್ಕು ಗೇರ್. ಇಪ್ಪತ್ತೆರಡು ವರ್ಷದಲ್ಲಿ ದಾರಿಯ ಮಧ್ಯೆ ನಿಲ್ಲಿಸಿದ್ದು ನನಗೆ ನೆನಪಿಲ್ಲ.

ನಮ್ಮ ಕಡೆ ಬೈಕು ಕಂಡವರು ಮೊದಲು ಕೇಳುವುದೇ "ಎಷ್ಟು ಕೊಡುತ್ತೆ?" ಎಂದು. "ಅರವತ್ತಕ್ಕೆ ಮೋಸವಿಲ್ಲ" ಎಂದು ನಾನು ಹೇಳುತ್ತಾ ಬಂದಿದ್ದೆ. ಆ ಅರವತ್ತು ಎಲ್ಲಿಂದ ಬಂತು? ಮೊದಮೊದಲು ಒಂದೆರಡು ಸಲ ಲೆಕ್ಕ ಹಾಕಿದ್ದಿರಬಹುದು. ಆಮೇಲೆ ಅದು ಬಾಯಿಪಾಠವಾಗಿತ್ತು. ಸೋಮವಾರ ಹಾಕಿಸಿದ ಇನ್ನೂರು ರೂಪಾಯಿಯ ಪೆಟ್ರೋಲು ಗುರುವಾರದವರೆಗೆ ಬರುತ್ತದೆ, ನನ್ನ ಅಳತೆ ಇಷ್ಟೇ. ಜೂನ್ ಕೊನೆಗೆ ಅದು ಬುಧವಾರ ಬೆಳಿಗ್ಗೆಯೇ ಖಾಲಿಯಾಗತೊಡಗಿತು. ದಾರಿಯಲ್ಲಿ ಎಂಜಿನ್ ಮುಗ್ಗರಿಸಿದಾಗ ಎಡಗೈ ಕೆಳಗಿಳಿಸಿ ನಾಬನ್ನು ರಿಸರ್ವಿಗೆ ತಿರುಗಿಸುತ್ತಾ ನನ್ನ ಮನಸ್ಸಿಗೆ ಬಂದ ಮೊದಲ ಮಾತು: ಯಾರೋ ಕದಿಯುತ್ತಿದ್ದಾರೆ.

ಮೊದಲು ಸಿಕ್ಕವನು ಬಂಕಿನ ಹುಡುಗ. ನಾಲ್ಕು ಜನ ಸಾಲಿನಲ್ಲಿ ನಿಂತಿರುವಾಗಲೇ "ಏನಪ್ಪಾ, ಅಳತೆಯಲ್ಲಿ ಎಷ್ಟು ಹೊಡೀತಿದೀರಾ?" ಎಂದೆ. ಅವನು ಮಾತಾಡದೆ ಒಳಗಿನಿಂದ ಐದು ಲೀಟರಿನ ಅಳತೆ ಪಾತ್ರೆ ತಂದ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ, ಕತ್ತು ಕಿರಿದಾದ ಪಾತ್ರೆ ಅದು. ಐದು ಲೀಟರಿಗೆ 25 ಮಿಲಿಲೀಟರ್ ಆಚೀಚೆ ಆದರೆ ಕಾನೂನು ಒಪ್ಪುತ್ತದೆ, ಅದಕ್ಕಿಂತ ಕಡಿಮೆಯಾದರೆ ಆ ಪಂಪು ಮಾರಬಾರದು. ಹುಡುಗ ಪಾತ್ರೆಯನ್ನು ಸಮನೆಲದಲ್ಲಿಟ್ಟು, ಹಿಡಿದು, ನೊರೆ ಇಳಿಯುವವರೆಗೆ ಕಾದು, "ಬಗ್ಗಿ ನೋಡಿ ಸಾರ್" ಎಂದ. ಪೆಟ್ರೋಲು ಗೆರೆಗೆ ಸರಿಯಾಗಿ ನಿಂತಿತ್ತು. ಅಳೆದು ತೋರಿಸು ಎಂದು ಕೇಳುವುದು ಗ್ರಾಹಕನ ಹಕ್ಕು, ಎಲ್ಲರೂ ಕೇಳಬೇಕು ಎಂದೇ ಈಗಲೂ ಹೇಳುತ್ತೇನೆ. ನನ್ನ ತಪ್ಪು ಇದ್ದದ್ದು ಪಾತ್ರೆ ಬರುವ ಮುಂಚೆ ಆಡಿದ ಮಾತಿನಲ್ಲಿ. ಗೆರೆ ನೋಡಿದ ಮೇಲೂ ನಾನು ಅವನಿಗೆ ಏನೂ ಹೇಳಲಿಲ್ಲ. ಅಳೆದದ್ದನ್ನು ನನ್ನ ಟ್ಯಾಂಕಿಗೇ ಸುರಿಸಿಕೊಂಡು, ದುಡ್ಡು ಕೊಟ್ಟು ಹೊರಟೆ.

ಮರುದಿನ ಮೆಕ್ಯಾನಿಕ್ ಹತ್ತಿರ. ಮೇ ತಿಂಗಳಲ್ಲಿ ಸರ್ವೀಸ್ ಮಾಡಿದ್ದವರು ಅವರೇ. ಹತ್ತಿರ ಹತ್ತಿರ ಅರವತ್ತು ವರ್ಷದ ಮನುಷ್ಯ, ನನಗಿಂತ ಹಿರಿಯರು. ಅಂದು ನಾನು ಅವರ ಅಂಗಡಿ ಮುಂದೆ ಬೈಕಿನಿಂದ ಇಳಿಯದೆ, "ಏನ್ ಮಾಡಿದೀಯಾ ಕಾರ್ಬೊರೇಟರಿಗೆ? ಹಳೇ ಜೆಟ್ ಹಾಕಿದೀಯಾ?" ಎಂದೆ. ಇಪ್ಪತ್ತು ವರ್ಷ "ನೀವು" ಎಂದು ಕರೆದವರನ್ನು ಒಂದೇ ಉಸಿರಿಗೆ ಏಕವಚನಕ್ಕೆ ಇಳಿಸಿದ್ದೆ. ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ, "ಮೇಷ್ಟ್ರೇ, ಗಾಡಿ ಬಿಟ್ಟು ಹೋಗಿ, ನೋಡ್ತೀನಿ. ನೀವು ಹೇಳಿದಂಗೆ ಆಗಿದ್ರೆ ಕಾಸು ಕೊಡ್ಬೇಡಿ" ಎಂದರು. ನಾನು ಬಿಡಲಿಲ್ಲ. ಬಿಟ್ಟಿದ್ದರೆ ಅಂದೇ ಎಲ್ಲ ಗೊತ್ತಾಗುತ್ತಿತ್ತು.

ಇಬ್ಬರಾದ ಮೇಲೆ ಉಳಿದವನು ಮನೆಯ ಹುಡುಗ. ಕೇಳಲು ಬಾಯಿ ಬರಲಿಲ್ಲ. ಅಣ್ಣನ ಕಿವಿಗೆ ಬಿದ್ದರೆ ಏನಾದೀತು ಎಂಬ ಅಂಜಿಕೆ ಒಂದು, ಹೆಂಡತಿ ಏನನ್ನುತ್ತಾಳೆ ಎಂಬುದು ಇನ್ನೊಂದು. ಬಾಯಲ್ಲಿ ಕೇಳಲಾಗದ್ದನ್ನು ಸೀಮೆಸುಣ್ಣದಲ್ಲಿ ಕೇಳಿದೆ. ಬೆಳಿಗ್ಗೆ ಎದ್ದು ನೋಡಿದಾಗ ಗೆರೆ ಇದ್ದಂತೆಯೇ ಇತ್ತು, ಅವನು ಅದರ ಪಕ್ಕದಲ್ಲಿ ಕೂತಿದ್ದ. "ಚಿಕ್ಕಪ್ಪ, ಇದು ನಂಗೋಸ್ಕರ ಹಾಕಿದ್ದಾ?" ಎಂದ. ಗಾಳಿಗೆ ತೆಂಗಿನ ಗರಿಗಳು ಬಡಿದಾಡುತ್ತಿದ್ದವು. ಕೇಳಿಸಲಿಲ್ಲ ಎಂಬಂತೆ ನಿಂತೆ. ಅವನು ಮತ್ತೆ ಕೇಳಿದ್ದು ಬೇರೆಯೇ ಪ್ರಶ್ನೆ: "ಈಗ ನಿಜವಾಗ್ಲೂ ಎಷ್ಟು ಕೊಡ್ತಿದೆ? ಮುಂಚೆ ಎಷ್ಟು ಕೊಡ್ತಿತ್ತು?"

ನನ್ನ ಹತ್ತಿರ ಎರಡಕ್ಕೂ ಉತ್ತರವಿರಲಿಲ್ಲ. ಉತ್ತರದ ಜೊತೆ ಬಿಡಿಸಿದ ಹಂತಗಳನ್ನೂ ಬರೆಯದಿದ್ದರೆ ಮಕ್ಕಳಿಗೆ ಅಂಕ ಕಳೆಯುವವನು ನಾನು. ಮೂವರ ಮೇಲೆ ಕಳ್ಳತನ ಹೊರಿಸಿದ್ದ ನನ್ನ ಲೆಕ್ಕದಲ್ಲಿ ಒಂದೇ ಒಂದು ಹಂತವೂ ಇರಲಿಲ್ಲ.

ಅಂದೇ ಶುರು ಮಾಡಿದೆ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಟ್ಯಾಂಕಿನ ಕತ್ತಿನವರೆಗೆ ಪೆಟ್ರೋಲು ತುಂಬಿಸಿ ಮೀಟರ್ ಬರೆದುಕೊಂಡೆ. ಶಾಲೆಯಿರುವ ಏಳು ದಿನ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿದೆ. ಹಿಡಿಸಿದ್ದು 5.2 ಲೀಟರ್, ಮೀಟರ್ ಓಡಿದ್ದು 229 ಕಿ.ಮೀ. ಭಾಗಿಸಿದರೆ 44. ಸಂಶಯ ನಿಜವಾಯಿತಲ್ಲ ಎಂದು ಒಂದು ಕ್ಷಣ ಸಮಾಧಾನವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಿನಕ್ಕೆ ಮೂವತ್ತನಾಲ್ಕರಂತೆ ಏಳು ದಿನಕ್ಕೆ ಶಾಲೆಯ ಓಡಾಟವೇ 238 ಆಗಬೇಕು. 229 ಹೇಗೆ ಬಂತು? ಭಾಗಾಕಾರದಲ್ಲಿ ಎರಡು ಸಂಖ್ಯೆ ಇರುತ್ತವೆ. ನಾನು ಇಷ್ಟು ದಿನ ಅನುಮಾನಿಸಿದ್ದು ಪೆಟ್ರೋಲನ್ನು ಮಾತ್ರ, ದೂರವನ್ನಲ್ಲ.

ಭಾನುವಾರ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತಾ ಹೋದೆ. ಹತ್ತು ಕಲ್ಲಿಗೆ ಮೀಟರ್ ತೋರಿಸಿದ್ದು 9.3. ಹಳೆಯ ಗಾಡಿಗಳಲ್ಲಿ ಮುಂದಿನ ಚಕ್ರದ ಹಲ್ಲಿನಿಂದ ಕೇಬಲ್ ತಿರುಗಿ ಮೀಟರನ್ನು ಓಡಿಸುತ್ತದೆ. ಕೇಬಲ್ಲಿನ ಚೌಕದ ತುದಿ ಸವೆದರೆ ಆಗಾಗ ಜಾರುತ್ತದೆ, ಮುಳ್ಳು ನಡುಗುತ್ತದೆ. ನನ್ನ ಮುಳ್ಳು ವರ್ಷದಿಂದ ನಡುಗುತ್ತಲೇ ಇತ್ತು. ಸರಿಪಡಿಸಿಕೊಂಡರೆ 229 ಆಗಿ ನಿಂತದ್ದು 246, ಮೈಲೇಜು 47. ಮೂರು ಕಿಲೋಮೀಟರ್ ಯಾರೂ ಕದಿಯದೆ ಕಾಣೆಯಾಗಿದ್ದವು.

ಆ ವಾರವೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ತಡೆದು ಹೇಳಿದಳು: "ಸಾರ್, ನಮ್ ಬಸ್ಸು ನಿಮ್ ಹಿಂದೇನೇ ಬರೋದು. ನಿಮ್ ಗಾಡಿ ಕೆಂಪು ಲೈಟು ಯಾವಾಗ್ಲೂ ಉರೀತಾನೇ ಇರತ್ತೆ." ಅದು ಬ್ರೇಕಿನ ದೀಪ. ಸಂಜೆ ಮನೆ ಮುಟ್ಟಿದವನೇ ಹಿಂದಿನ ಚಕ್ರದ ಡ್ರಮ್ಮನ್ನು ಮುಟ್ಟಿದೆ. ಒಲೆಯಿಂದ ಇಳಿಸಿದ ಪಾತ್ರೆಯಂತೆ ಕಾದಿತ್ತು. ಡಬಲ್ ಸ್ಟ್ಯಾಂಡ್ ಹಾಕಿ ಕೈಯಿಂದ ಚಕ್ರ ತಿರುವಿದರೆ ಎರಡು ಮೂರು ಸುತ್ತು ಸಲೀಸಾಗಿ ಓಡಬೇಕು. ನನ್ನದು ಅರ್ಧ ಸುತ್ತಿಗೆ "ಸರ್" ಎಂದು ಉಜ್ಜಿ ನಿಂತುಬಿಟ್ಟಿತು. ಬ್ರೇಕ್ ಕಡ್ಡಿಯ ಕೊನೆಯ ನಟ್ಟು ಮೂರ್ನಾಲ್ಕು ಎಳೆ ಹೆಚ್ಚಾಗಿಯೇ ಒಳಗಿತ್ತು. ಬಿಗಿ ಮಾಡಿದವನು ನಾನೇ. ಮಳೆ ಶುರುವಾದ ವಾರ ಬ್ರೇಕು ಸಾಲದು ಅನ್ನಿಸಿ ಸ್ಪ್ಯಾನರ್ ಹಿಡಿದು ತಿರುವಿದ್ದು ಆಗ ನೆನಪಾಯಿತು. ಜೊತೆಗೆ ಬಲಗಾಲನ್ನು ಪೆಡಲ್ ಮೇಲೆ ಇಟ್ಟೇ ಓಡಿಸುವುದು ಯಾವಾಗಲೋ ಅಂಟಿದ ಅಭ್ಯಾಸ. ಒಂದು ತಿಂಗಳು ನಾನು ಬ್ರೇಕು ಹಿಡಿದುಕೊಂಡೇ ಶಾಲೆಗೆ ಹೋಗಿ ಬಂದಿದ್ದೆ. ಅಷ್ಟು ದಿನದ ಪೆಟ್ರೋಲು ಆ ಡ್ರಮ್ಮಿನಲ್ಲಿ ಬಿಸಿಯಾಗಿ ಗಾಳಿಗೆ ಹೋಗಿತ್ತು.

ನಟ್ಟು ಸಡಿಲಿಸಿದ ಮೇಲೂ ಚಕ್ರ ಪೂರಾ ಬಿಡಲಿಲ್ಲ, ಒಳಗಿನ ಕ್ಯಾಮ್ ಕೆಸರು ಕುಡಿದು ಒಣಗಿತ್ತು. ಅದು ನನ್ನ ಕೈಯಲ್ಲಾಗುವ ಕೆಲಸವಲ್ಲ. ಮತ್ತೆ ಅದೇ ಅಂಗಡಿಗೆ ಹೋದೆ. ಬೈಕಿನಿಂದ ಇಳಿದು, "ಅವತ್ತು ನಿಮಗೆ ಹಾಗೆ ಮಾತಾಡಬಾರದಿತ್ತು, ತಪ್ಪಾಯ್ತು" ಎಂದೆ. ಅವರು ಮಾತು ಬೆಳೆಸಲಿಲ್ಲ. ಪ್ಲಗ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ತುದಿ ದೀಪದ ಕುಡಿಯಂತೆ ಕಪ್ಪು ಮಸಿ. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ ತಿಳಿ ಕಂದು ಬಣ್ಣಕ್ಕಿರುತ್ತದೆ. ಒಣ ಮಸಿ ಕೂತಿದೆ ಎಂದರೆ ಗಾಳಿಗಿಂತ ಪೆಟ್ರೋಲು ಹೆಚ್ಚಾಗಿದೆ ಎಂದರ್ಥ. ಚೋಕ್ ಲಿವರ್ ಪೂರ್ತಿ ಇಳಿಯದೆ ನಡುವೆ ನಿಂತಿತ್ತು. ಮಳೆಗಾಲದ ಬೆಳಿಗ್ಗೆ ಎಳೆದು ಮರೆಯುತ್ತಿದ್ದವನೂ ನಾನೇ. ಆಮೇಲೆ ಏರ್ ಫಿಲ್ಟರ್ ಡಬ್ಬಿ ತೆಗೆದರು. ಒಳಗಿನ ಸ್ಪಂಜು ಮುಟ್ಟಿದರೆ ಹಳೆಯ ರೊಟ್ಟಿಯಂತೆ ಉದುರಿತು. ನಾರಿನ ಕಾರ್ಖಾನೆಗಳ ಮುಂದೆ ದಿನಾ ಓಡಾಡುವ ಗಾಡಿ, ಕಂದು ಧೂಳು ಅಂಟಿ ಹೆಪ್ಪುಗಟ್ಟಿತ್ತು. "ಮೇನಲ್ಲೇ ಹೇಳಿದ್ನಲ್ಲ ಮೇಷ್ಟ್ರೇ, ಇದನ್ನ ಬದಲಾಯಿಸ್ಬೇಕು ಅಂತ" ಎಂದರು. ಹೇಳಿದ್ದರು. ಮುಂದಿನ ಸಲ ನೋಡೋಣ ಎಂದವನು ನಾನು.

ಇನ್ನು ಗಾಳಿ. ಟೈರಿನ ಗಾಳಿ ಮೊದಲು. ಒಬ್ಬರೇ ಓಡಿಸುವಾಗ ಮುಂದಕ್ಕೆ 25, ಹಿಂದಕ್ಕೆ 28 ಪೌಂಡ್ ಇರಬೇಕಾದಲ್ಲಿ ಹಿಂದಿನದರಲ್ಲಿ 17 ಇತ್ತು. ಆಮೇಲೆ ಆಷಾಢದ ಗಾಳಿ. ನನ್ನ ಶಾಲೆ ಇರುವುದು ಪಶ್ಚಿಮಕ್ಕೆ, ಬೆಳಿಗ್ಗೆ ಎದುರುಗಾಳಿ. ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ ಎಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಸಿಗುವುದಿಲ್ಲ. ಗಾಳಿಯ ಅಡ್ಡಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 45ರಲ್ಲಿ ಹೋಗುವವನಿಗೆ 20ರ ಗಾಳಿ ಎದುರಾದರೆ 65ರ ವರ್ಗ 4225. ಬೆನ್ನಿಗೆ ಬಂದರೆ 25ರ ವರ್ಗ 625. ಎರಡರ ಸರಾಸರಿ 2425. ಗಾಳಿಯೇ ಇಲ್ಲದ ದಿನ 45ರ ವರ್ಗ 2025 ಮಾತ್ರ. ಹೋಗಿ ಬರುವುದರಲ್ಲಿ ಗಾಳಿ ಐದರಲ್ಲೊಂದು ಪಾಲು ಹೆಚ್ಚೇ ಅಡ್ಡಿ ಮಾಡುತ್ತದೆ. ಇದನ್ನು ಹತ್ತನೇ ತರಗತಿಗೆ ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ಮಕ್ಕಳು ಚೆನ್ನಾಗಿ ಕೇಳಿದರು.

ಎಥೆನಾಲ್ ಮಾತನ್ನೂ ಬಿಡುವಂತಿಲ್ಲ, ಏಕೆಂದರೆ ಕೊನೆಗೆ ಎಲ್ಲವನ್ನೂ ಅದರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಆಸೆ ನನಗೆ ಬಲವಾಗಿಯೇ ಬಂದಿತ್ತು. ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4ರಷ್ಟು ಮೈಲೇಜು ಇಳಿಯಬಹುದು ಎಂದಿತ್ತು. ಅರವತ್ತಕ್ಕೆ ಅದು ಎರಡು ಕಿಲೋಮೀಟರಿನ ಆಸುಪಾಸು. ಆ ಎರಡನ್ನು ಅದರ ಲೆಕ್ಕಕ್ಕೆ ಬರೆದೆ. ಹಳೆಯ ಗಾಡಿಯವರ ಈ ನಷ್ಟವನ್ನು ಯಾರೂ ತುಂಬಿಕೊಡುತ್ತಿಲ್ಲ ಎಂಬ ದೂರು ನನಗಿದೆ. ಆದರೂ ಎರಡನ್ನು ಹದಿಮೂರು ಎಂದು ಹೇಳಲಾರೆ.

ಹೊಸ ಕೇಬಲ್, ಹೊಸ ಫಿಲ್ಟರ್, ಸಡಿಲವಾದ ಬ್ರೇಕು, ಗಾಳಿ ತುಂಬಿದ ಟೈರು, ಪೆಡಲಿನಿಂದ ಎತ್ತಿದ ಕಾಲು. ಒಂದೊಂದನ್ನೂ ಬೇರೆ ಬೇರೆ ವಾರ ಸರಿಪಡಿಸಿ ಅಳೆದಿದ್ದರೆ ಯಾವುದರ ಪಾಲೆಷ್ಟು ಎಂದು ತಿಳಿಯುತ್ತಿತ್ತು. ಅಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಸೆಪ್ಟೆಂಬರಿನಲ್ಲಿ ಗಾಳಿ ತಗ್ಗಿದ ಮೇಲೆ ಮತ್ತೆ ಕತ್ತಿನವರೆಗೆ ತುಂಬಿಸಿ ಓಡಿಸಿದೆ. 57 ಬಂತು. ಈ ಸಲ ನೋಟ್‌ಬುಕ್ಕಿನಲ್ಲಿ ಎಲ್ಲ ಹಂತಗಳೂ ಇವೆ.

ಬಂಕಿನ ಹುಡುಗನನ್ನು ಹುಡುಕಿಕೊಂಡು ಹೋದಾಗ ಅವನು ಕೆಲಸ ಬಿಟ್ಟು ಹೋಗಿದ್ದ. ಯಾವ ಊರು ಎಂದು ಅಲ್ಲಿದ್ದವರಿಗೂ ಗೊತ್ತಿರಲಿಲ್ಲ.

ಅಣ್ಣನ ಮಗನಿಗೆ ನೋಟ್‌ಬುಕ್ ತೋರಿಸಿದೆ. ಅವನು ಒಂದೊಂದೇ ಸಾಲು ಓದಿ, ಹತ್ತು ಕಲ್ಲಿಗೆ 9.3 ಎಂದಿದ್ದಲ್ಲಿ ಬೆರಳಿಟ್ಟು, "ಇದು ಚೆನ್ನಾಗಿದೆ ಚಿಕ್ಕಪ್ಪ" ಎಂದ. "ಆ ಗೆರೆ ನಿನಗೇ ಹಾಕಿದ್ದು ಕಣೋ, ನನ್ನದು ತಪ್ಪು" ಎಂದೆ. ತಲೆಯಾಡಿಸಿದ. ಆ ಬೆಳಿಗ್ಗೆಯಿಂದ ಅವನು ಬೈಕು ಮುಟ್ಟಿರಲಿಲ್ಲ. ಹಾಲು ತರಲು ನಡೆದೇ ಹೋಗುತ್ತಿದ್ದ. ಕೀಲಿಯನ್ನು ಅವನ ಪುಸ್ತಕದ ಮೇಲಿಟ್ಟು, ಸಂಜೆ ಪೇಟೆಗೆ ತೆಗೆದುಕೊಂಡು ಹೋಗು ಎಂದೆ. ಅವನು ಅದನ್ನು ಎತ್ತಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ.

"ಬಸ್ ಪಾಸ್ ಮಾಡಿಸಿದೀನಿ ಚಿಕ್ಕಪ್ಪ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.