ಪಟ್ಟವೂ ಪಿಯಾನೋವೂ

ಬೆಂಗಳೂರಿನ ಇಂದಿರಾನಗರದಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಾಗಿ ಪಿಯಾನೋ ಅಭ್ಯಾಸಮಾಡುವ ಮಕ್ಕಳು ಇಂದು ಉಂಟು. ಅದೇ ಕಾಲೇಜು 1945ರಲ್ಲಿ ಗೌರವಸದಸ್ಯತ್ವವನ್ನಿತ್ತು ಮನ್ನಿಸಿದ ಕನ್ನಡನಾಡಿನ ವಾದಕರೊಬ್ಬರ ವೃತ್ತಾಂತವು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ! ಅವರೇ ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರು.

1919ರಲ್ಲಿ ಜನಿಸಿದ ಈ ರಾಜಕುಮಾರರಿಗೆ ಸಭೆಗಳಲ್ಲಿ ಪಿಯಾನೋ ನುಡಿಸುವ ಕಲಾವಿದರಾಗಬೇಕೆಂಬ ಹಂಬಲವಿದ್ದಿತು. ಆದರೆ 1940ರ ಮಾರ್ಚಿಯಲ್ಲಿ ತಂದೆ ಯುವರಾಜರೂ, ಆಗಸ್ಟಿನಲ್ಲಿ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಸ್ವರ್ಗಸ್ಥರಾದರು. ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನವು ಬಂದಿತು, ವಾದಕವೃತ್ತಿಯು ಕೈಬಿಟ್ಟಿತು. ಇಗರ್ಜಿಯ ಆರ್ಗನ್ನಿನಲ್ಲಿ ಕೊಳವೆಗಳೊಳಗೆ ಗಾಳಿ ಹರಿದು, ಬೆರಳು ಒತ್ತಿರುವಷ್ಟು ಹೊತ್ತೂ ಸ್ವರವು ನಿಲ್ಲುವುದು. ಪಿಯಾನೋದಲ್ಲಾದರೋ ಸುತ್ತಿಗೆಯು ತಂತಿಗೆ ತಗುಲಿದ ಕ್ಷಣದಿಂದಲೇ ಸ್ವರವು ಕುಗ್ಗತೊಡಗುವುದು. ಬೆರಳಿನ ಬಲಾಬಲವೆಲ್ಲ ಆ ಒಂದು ಸ್ಪರ್ಶದಲ್ಲಿಯೇ ತಿಳಿಯಬೇಕು. ನಿತ್ಯಸಾಧನೆಯನ್ನು ಬೇಡುವ ಇಂತಹ ವಾದ್ಯವು ರಾಜ್ಯಭಾರದ ಬಿಡುವಿನಲ್ಲಿ ಒಲಿಯುವಂತಹುದಲ್ಲ.

ತಾವು ನುಡಿಸಲಾಗದುದನ್ನು ಅವರು ಇತರರಿಂದ ನುಡಿಸಿದರು. ರಷ್ಯಾ ದೇಶದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರರು ಲಂಡನ್ನಿನಲ್ಲಿ ರೋಗಪೀಡಿತರಾಗಿ ಬಾಳುತ್ತಿದ್ದರು. ಮಹಾರಾಜರ ನೆರವಿನಿಂದ ಅವರ ಮೂರು ಪಿಯಾನೋ ಕಾನ್ಚೆರ್ಟೋಗಳು ಅವರ ಬೆರಳುಗಳಿಂದಲೇ ಧ್ವನಿಮುದ್ರಣಗೊಂಡುವು. ಮೂರನೆಯ ಕಾನ್ಚೆರ್ಟೋವನ್ನು ಮೆಟ್ನರರು ಕೃತಜ್ಞತೆಯಿಂದ ಮಹಾರಾಜರಿಗೇ ಅರ್ಪಿಸಿ, 1951ರಲ್ಲಿ ತೀರಿಕೊಂಡರು. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷಗಳ ಸಹಾಯವೂ ಮೈಸೂರಿನಿಂದ ದೊರೆಯಿತು. ರಿಚರ್ಡ್ ಸ್ಟ್ರೌಸರ ಕಡೆಯ ನಾಲ್ಕು ಗೀತೆಗಳು 1950ರಲ್ಲಿ ಮೊದಲು ಹಾಡಲ್ಪಟ್ಟುದೂ ಇವರು ಹಣದ ಹೊಣೆ ಹೊತ್ತುದರಿಂದಲೇ.

ಬಡ ರೈತರಿದ್ದ ನಾಡಿನ ಅರಸರು ಹಣವನ್ನು ಹೀಗೆ ಕಡಲಾಚೆಗೆ ಕಳುಹಿದುದು ಸರಿಯೇ ಎಂದು ಕೇಳುವವರುಂಟು. ಆ ಪ್ರಶ್ನೆಯು ಅಲ್ಲಗಳೆಯತಕ್ಕುದಲ್ಲ. ಆದರೆ ಆ ಪರದೇಶದ ನಾದವು ಅವರನ್ನು ತಮ್ಮ ನೆಲದಿಂದ ದೂರಮಾಡಲಿಲ್ಲವೆಂಬುದನ್ನೂ ಹೇಳಬೇಕು. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಕಲಿತು, ವಾಸುದೇವಾಚಾರ್ಯರಿಂದ ಕರ್ಣಾಟಕ ಸಂಗೀತದ ಮರ್ಮವನ್ನರಿತು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಅವರು 94 ಕೃತಿಗಳನ್ನು ರಚಿಸಿದರು.

1974ರಲ್ಲಿ ಬೆಂಗಳೂರಿನ ಅರಮನೆಯಲ್ಲಿ ಅವರು ಕಾಲವಾದರು. ಪಿಯಾನೋ ವಾದಕರೆಂಬ ಹೆಸರು ಅವರಿಗೆ ನಿಲ್ಲಲಿಲ್ಲ. ಕಚೇರಿಗಳಲ್ಲಿ ಅವರ ಕೃತಿಗಳನ್ನು ವಿದ್ವಾಂಸರು ಇಂದಿಗೂ ಹಾಡುತ್ತಾರೆ; ಮೆಟ್ನರರ ಬೆರಳುಗಳ ನಾದವನ್ನು ಬಯಸಿದವರು ಇಂದಿಗೂ ಕೇಳಬಹುದು.